ಕೊನೆಯ ಕುರ್ಚಿಗೆ ಮೊದಲ ಸರದಿ

ಪಾಲಹಳ್ಳಿ ದ್ಯಾವಯ್ಯನವರ ಮಗಳು ಬೈರಮ್ಮ, ವಯಸ್ಸು ನಲವತ್ತಮೂರು. ತಾಯಿ ದೊಡ್ಡತಾಯಮ್ಮ. ಗಂಡ ನರಸಯ್ಯ ನಾಗಮಂಗಲದ ಕಡೆಯವನು, ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ. ಮಕ್ಕಳಿಲ್ಲ. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಕೋಣೆಯೊಂದರಲ್ಲಿ ಹದಿನೇಳು ವರ್ಷ ಟೈಪಿಂಗ್ ಕಲಿಸಿದ ಬೈರಮ್ಮ, ಕಲಿಯುವವರು ಕಡಿಮೆಯಾದ ಮೇಲೆ ಐದು ಹಳೆಯ ಕಂಪ್ಯೂಟರುಗಳನ್ನು ತಂದಿರಿಸಿದಳು. ಕೆಲಸಕ್ಕೆಂದು ಬಂದವರಿಗಿಂತ ಆಡಲು ಬಂದವರೇ ಹೆಚ್ಚಾದರು. ನಾಲ್ಕು ಯಂತ್ರಗಳ ಮುಂದೆ ನಾಲ್ವರು ಕೂತು, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ಗುಂಡು ಹಾರಿಸುವ ಆಟ. ಐದನೆಯ ಯಂತ್ರ ಬೈರಮ್ಮನ ಮೇಜಿನ ಮೇಲಿತ್ತು. ಆಟವನ್ನು ನಡೆಸುವ ಸರ್ವರ್ ಅದೇ. ಮಾಸಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಅದಕ್ಕೆ, ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ್ದಳು.

1999ರ ಬೇಸಿಗೆಯಲ್ಲಿ ದೂರು ಹುಟ್ಟಿತು. ಕೇಬಲ್ಲು ಬೈರಮ್ಮನ ಮೇಜಿನಿಂದ ಹೊರಟು, ಒಂದೊಂದೇ ಯಂತ್ರವನ್ನು ಮುಟ್ಟಿ, ಕಿಟಕಿಯ ಬಳಿಯ ನಾಲ್ಕನೆಯದರಲ್ಲಿ ಮುಗಿಯುತ್ತಿತ್ತು. ಅಲ್ಲಿ ಕೂತವರು ಸೋಲುತ್ತಿದ್ದರು.

"ಈ ಕಡೇ ಕುರ್ಚಿಗೆ ಎಲ್ಲಾ ತಡವಾಗಿ ಬತ್ತದೆ ಕಣಕ್ಕ," ಎಂದ ತಿಮ್ಮರಾಜು. ಕೆ.ಆರ್. ಪೇಟೆಯ ಐ.ಟಿ.ಐ. ವಿದ್ಯಾರ್ಥಿ, ಆಗಿನ್ನೂ ಹೊಸಬ. "ನಾನು ಗುಂಡು ಹೊಡೆಯೋ ಅಷ್ಟೊತ್ಗೆ ಅವ್ನು ಮನೆಗೋಗಿ ಮುದ್ದೆ ಉಂಡ್ಬುಟ್ಟು ಬಂದಿರ್ತಾನೆ."

ಎಲ್ಲರೂ ನಕ್ಕರು, ಬೈರಮ್ಮ ನಗಲಿಲ್ಲ. "ನಮ್ಮಪ್ಪ ನೀರುಗಂಟಿ ಕಣಪ್ಪ. ನನ್ ಕೋಣೇಲಿ ಒಂದು ಕುರ್ಚಿ ಮೇಲು, ಒಂದು ಕೀಳು ಅನ್ನೋ ಮಾತು ಬರಬಾರ್ದು. ಸರಿ ಮಾಡ್ತೀನಿ, ಬುಡು."

ದ್ಯಾವಯ್ಯನವರು ನಾಲೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಹಂಚುತ್ತಿದ್ದವರು. ತುದಿ ಮುಟ್ಟುವಷ್ಟರಲ್ಲಿ ನೀರು ಸೊರಗುತ್ತದೆಂದು, ಕೊನೆಯ ಗದ್ದೆಗೇ ಮೊದಲ ಸರದಿ ಕೊಡುವುದು ಅವರ ಪದ್ಧತಿ. ಒಂದು ವರ್ಷ ಆ ಕೊನೆಯ ಗದ್ದೆ ಬೀಗರ ಗುತ್ತಿಗೆಯಲ್ಲಿತ್ತು, ನೆಂಟರಿಗೆ ಮೊದಲು ನೀರು ಬಿಟ್ಟರೆಂದು ಊರು ಆಡಿಕೊಂಡಿತು. ದ್ಯಾವಯ್ಯನವರು ಒಂದು ಮಾತೂ ಆಡದೆ ತೂಬಿನ ಕೀಲಿಯನ್ನು ಊರ ಕಟ್ಟೆಯ ಮೇಲಿಟ್ಟು ಮನೆಗೆ ಬಂದರು. ಆ ಮೌನವನ್ನು ಮಗಳು ಕ್ಷಮಿಸಿರಲಿಲ್ಲ.

ಲಿನಕ್ಸಿನ ತಿರುಳು ಅದರ ಕರ್ನಲ್. ಯಂತ್ರದೊಳಗೆ ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ತೀರ್ಮಾನಿಸುವ ನೀರುಗಂಟಿ ಅದು ಎಂದೇ ಬೈರಮ್ಮ ತಿಳಿದುಕೊಂಡಿದ್ದಳು. ಆಕೆಯ ಬಳಿ ಇದ್ದದ್ದು 2.0.36ರ ಆವೃತ್ತಿ, ಆ ವರ್ಷ ಬಂದದ್ದು 2.2. ಹೊರಗೆ ಹೋಗುವ ಸಂದೇಶಗಳನ್ನು ಸಾಲಾಗಿ ನಿಲ್ಲಿಸಿ, ಇಂಥವರಿಗೆ ಮೊದಲು ಎಂದು ಕಳುಹಿಸುವ ಏರ್ಪಾಡು ಹೊಸದರಲ್ಲಿತ್ತು. ಅದನ್ನೇ ಆರಿಸಿ, ಕಿಟಕಿಯ ಯಂತ್ರಕ್ಕೆ ಮೊದಲ ಸರದಿ ಎಂದು ಗೊತ್ತುಮಾಡಿದಳು. ಯಂತ್ರಕ್ಕಿದ್ದ ಮೆಮರಿ ಹದಿನಾರು ಎಂ.ಬಿ. ಮಾತ್ರ, ಹೊಸ ಕರ್ನಲ್ ಹೊಟ್ಟೆಬಾಕ. ಧ್ವನಿ ಬೇಡ, ಇಲ್ಲದ ಡಿಸ್ಕುಗಳ ಗೊಡವೆ ಬೇಡ ಎಂದು ಒಂದೊಂದನ್ನೇ ತೆಗೆದು ಮತ್ತೆ ಕಟ್ಟಿದಳು. ಒಂದು ಸಲ ಕಟ್ಟಲು ಎರಡೂವರೆ ಗಂಟೆ. ನಡುವೆ ಕರೆಂಟು ಹೋದರೆ, ಅದು ಬಂದು ಡಿಸ್ಕಿನ ತಪಾಸಣೆ ಮುಗಿಯುವವರೆಗೆ ಕೈಕಟ್ಟಿ ಕೂರಬೇಕು. ಹೀಗೆ ಮೂರು ತಿಂಗಳು. ಕಣ್ಣು ಉರಿಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು.

"ಆ ಪೆಟ್ಗೆ ಮ್ಯಾಲಿರೋ ಗ್ಯಾನ ಸಾರಿನ ಮ್ಯಾಲಿದ್ದಿದ್ರೆ ಇವತ್ತು ಉಪ್ಪಾದ್ರೂ ಬಿದ್ದಿರೋದು ಕಣಮ್ಮಿ," ಎಂದ ನರಸಯ್ಯ.

"ಉಪ್ಪಿನ ಡಬ್ಬಿ ನಿಮ್ ಕೈಗೂ ಎಟುಕ್ತದೆ," ಎಂದಳು ಬೈರಮ್ಮ.

ಹೊಸ ಕರ್ನಲ್ ಓಡತೊಡಗಿದ ಮೇಲೆ, ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಪಂದ್ಯ. ನಾಗಮಂಗಲದ ಇಬ್ಬರು, ಕೆ.ಆರ್. ಪೇಟೆಯ ಇಬ್ಬರು. ಕುರ್ಚಿಗಳಿಗೆ ಚೀಟಿ ಎತ್ತಿದಾಗ ಕಿಟಕಿಯದು ನಾಗಮಂಗಲದ ಚೆಲುವರಾಜುವಿಗೆ ಬಂತು. ಅವನು ನರಸಯ್ಯನ ಅಕ್ಕನ ಮಗ. ಹೆಚ್ಚುಕಡಿಮೆ ಅವನೊಬ್ಬನೇ ಪಂದ್ಯ ಗೆದ್ದ. ತಿಮ್ಮರಾಜು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ.

"ಆವಾಗ ಅಲ್ಲಿ ಕೂತೋರೆಲ್ಲಾ ಸಾಯ್ತಿದ್ರು. ಇವತ್ತು ನಿಮ್ ಅಳಿಯ ಕೂತವ್ನೆ, ನಮ್ದು ನಿಂತ್ ನಿಂತ್ ಹೋಯ್ತದೆ. ತೂಬು ಯಾವ ಕಡೀಕೆ ತಿರುಗ್ಸಿದ್ರಿ ಅಕ್ಕ?"

"ಲೇ ತಿಮ್ಮ, ಸೋತ್ಬುಟ್ಟು ಅತ್ತೆ ಮ್ಯಾಲೆ ಯಾಕ್ಲಾ ಬೀಳ್ತೀಯ?" ಎಂದ ಚೆಲುವರಾಜು.

ಬೈರಮ್ಮ ಪರದೆಯನ್ನು ಎಲ್ಲರ ಕಡೆಗೆ ತಿರುಗಿಸಿದಳು. ಆಟ ಓಡುತ್ತಿರುವಂತೆಯೇ ಪ್ರತಿ ಯಂತ್ರಕ್ಕೂ ಕರೆ ಕಳುಹಿಸಿ, ಉತ್ತರ ಮರಳಲು ಹಿಡಿದ ಹೊತ್ತನ್ನು ಅಳೆದಳು. ಕಿಟಕಿಯದು ಬೇಗ, ಉಳಿದ ಮೂರೂ ತಡ. ಸರ್ವರನ್ನು ನಿಲ್ಲಿಸಿ, ಮತ್ತೆ ಎಬ್ಬಿಸುವಾಗ ಹಳೆಯ 2.0.36 ಅನ್ನು ಆರಿಸಿ, ಪುನಃ ಆಟ ಹಚ್ಚಿ ಅಳೆದಳು. ನಾಲ್ಕೂ ಸಮ.

ಆಕೆಗೆ ಆಗ ಹೊಳೆಯಿತು. ಕೇಬಲ್ಲು ನಾಲೆಯಲ್ಲ, ಅದರಲ್ಲಿ ಹೊರಟದ್ದು ನಾಲ್ಕೂ ಯಂತ್ರಗಳಿಗೆ ಒಂದೇ ಹೊತ್ತಿಗೆ ಕೇಳಿಸುತ್ತದೆ. ಕಿಟಕಿಯ ಕುರ್ಚಿ ಎಂದೂ ಸೊರಗಿರಲೇ ಇಲ್ಲ. ರೂಢಿಯ ಆಟಗಾರರು ಮೊದಲೇ ಬಂದು ಉಳಿದ ಮೂರನ್ನು ಹಿಡಿಯುತ್ತಿದ್ದರು, ಹೊಸಬರಿಗೆ ಉಳಿಯುತ್ತಿದ್ದದ್ದು ಅದೊಂದೇ, ಹೊಸಬರು ಸೋಲುತ್ತಿದ್ದರು. ಒಂದು ಸಲವೂ ಅಳೆದು ನೋಡದೆ ಮೂರು ತಿಂಗಳು ದುಡಿದಿದ್ದಳು.

"ತಪ್ಪು ನಂದು," ಎಂದಳು. "ಇವ್ನು ಕೂರ್ತಾನೆ ಅಂತ ಮಾಡ್ಲಿಲ್ಲ. ಕೊನೇಲಿರೋರಿಗೆ ಕಮ್ಮಿಯಾಯ್ತದೆ ಅಂತ ನಂಬ್ಕಂಡು ಮಾಡ್ದೆ. ಆದ್ರೆ ಮಾಡಿರೋಳು ನಾನೇ. ಈ ಆಟ ಲೆಕ್ಕಕ್ಕಿಲ್ಲ, ಮತ್ತೆ ಆಡ್ರಪ್ಪ."

ಮತ್ತೆ ಆಡಿದರು. ಕೆ.ಆರ್. ಪೇಟೆ ಗೆದ್ದಿತು. ಚೆಲುವರಾಜು ಅತ್ತೆಯನ್ನು ಮಾತಾಡಿಸದೆ ಬಸ್ಸು ಹತ್ತಿದ. ತಿಮ್ಮರಾಜು ಹೊರಡುವ ಮುನ್ನ ಬಾಗಿಲಲ್ಲಿ ನಿಂತ.

"ಸುಮ್ಕಿದ್ದಿದ್ರೂ ಆಗೋದು ಕಣಕ್ಕ. ನಮಗೆಲ್ಲಿ ಗೊತ್ತಾಯ್ತಿತ್ತು?"

"ಸುಮ್ಕಿದ್ದೋರ ಮಗಳು ಕಣಪ್ಪ ನಾನು," ಎಂದಳು ಬೈರಮ್ಮ.

ನಾಗಮಂಗಲದವರು ಬರುವುದನ್ನು ಬಿಟ್ಟರು. ಗಂಡನ ಮನೆಯಲ್ಲಿ ಮಾತು ನಿಂತಿತು. ಆಕೆಗೂ ಸಾಕಾಗಿತ್ತು. ಡಿಸೆಂಬರಿನಲ್ಲಿ ಕೋಣೆಯ ಬೀಗದ ಕೈಯನ್ನು ತಿಮ್ಮರಾಜುವಿಗೆ ಕೊಟ್ಟು, ಗಂಡನ ನೌಕರಿಯ ಊರು ಕೆ.ಆರ್.ಎಸ್.ಗೆ ಹೊರಟಳು.

ಬಿಟ್ಟುಹೋದದ್ದು ಇಷ್ಟು: ಐದು ಕಂಪ್ಯೂಟರು, ಅವುಗಳಲ್ಲಿ ಒಂದಕ್ಕೆ ಮೌಸಿಲ್ಲ. ರಿಬ್ಬನ್ ಒಣಗಿದ ಎರಡು ಟೈಪ್‌ರೈಟರು. ಮಾಸಪತ್ರಿಕೆಯ ಸಿ.ಡಿ. ಬೇಕು, ಬೇಡ ಎಂದು ಎರಡು ಸಾಲಿನಲ್ಲಿ ಗೀಚಿದ ನೋಟುಪುಸ್ತಕ. ಸರ್ವರಿನಲ್ಲಿ 2.0.36 ಒಂದೇ. ಗೋಡೆಯ ಮೇಲೆ ಟೈಪು ಮಾಡಿದ ಒಂದು ಹಾಳೆ: ಪ್ರತಿ ಆಟಕ್ಕೂ ಮೊದಲು ನಾಲ್ಕೂ ಕುರ್ಚಿಗಳನ್ನು ಎಲ್ಲರ ಎದುರಿಗೆ ಅಳೆಯತಕ್ಕದ್ದು. ಕಿಟಕಿಯ ಕುರ್ಚಿಯ ಮೇಲೆ, ಅಲ್ಲಿ ಕೂರುವವರಿಗೆಂದು ಆಕೆ ಬೇಸಿಗೆಯಲ್ಲಿ ಹೊಲಿದಿದ್ದ ದಿಂಬು.