ಎರಡು ಊರಿನ ಕೂಸು

ಒಂದೇ ಕೂಸು ಏಕಕಾಲಕ್ಕೆ ಎರಡು ಊರಿನಲ್ಲಿ ವಾಸವಾಗಿದೆ ಎಂದು ಸರ್ಕಾರಕ್ಕೆ ಗೊತ್ತಾದರೆ ಯಾರನ್ನು ಹಿಡಿಯುತ್ತಾರೆ, ತಾಯಿಯನ್ನೋ ಕೂಸನ್ನೋ? ಬೆಳಗಿನಿಂದ ಶಿಹೊಳ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ಮಗಳು ಕೋಟೊಗೆ ಇನ್ನೂ ಕತ್ತು ನಿಂತಿಲ್ಲ. ಪೊಲೀಸರು ಎತ್ತಿಕೊಳ್ಳುವಾಗ ತಲೆಗೆ ಅಂಗೈ ಕೊಡುತ್ತಾರೋ ಇಲ್ಲವೋ ಎಂಬಲ್ಲಿಯವರೆಗೂ ಅವಳ ಚಿಂತೆ ಹೋಗಿ ಮುಟ್ಟಿತ್ತು. ನಗೋಯಾದ ಕಾಲೇಜಿನಲ್ಲಿ ಓದಿ, ವಿಮಾ ಕಂಪನಿಯಲ್ಲಿ ಜನರಿಗೆ ಏನೇನು ಕೇಡಾಗಬಹುದು ಎಂದು ಅಂದಾಜು ಮಾಡುವ ಕೆಲಸದಲ್ಲಿದ್ದವಳು ಅವಳು. ಆ ವಿದ್ಯೆಯೆಲ್ಲ ಈಗ ಉಪಯೋಗಕ್ಕೆ ಬರುತ್ತಿದ್ದುದು ಹೀಗೆ.

ಬಾಣಂತನಕ್ಕೆಂದು ಆಗಸ್ಟ್ ಮೊದಲಲ್ಲಿ ತವರಿಗೆ ಬಂದಿದ್ದಳು. ತವರು ಸುಗೆನೊ, ಒಂದು ಕಡೆ ಕಾರಿನ ಬಿಡಿಭಾಗಗಳ ಕಾರ್ಖಾನೆ, ಇನ್ನೊಂದು ಕಡೆ ಎಲೆಕೋಸಿನ ಹೊಲ, ನಡುವೆ ಅಪ್ಪ ತೊಕುಜಿಯ ಸೈಕಲ್ ಅಂಗಡಿ. ತಿಂಗಳು ತುಂಬಿದ ಕೂಸನ್ನು ಗುಡಿಗೆ ಎತ್ತಿಕೊಂಡು ಹೋಗಿ ಕೈಮುಗಿಸಿದ ಮೇಲೆ ಬಾಣಂತಿ ಗಂಡನ ಮನೆಗೆ ಹೊರಡುವುದು ರೂಢಿ. ಶಿಹೊ ಹೊರಡಲಿಲ್ಲ. ಮೊದಲು ಬಿರುಗಾಳಿ ಬರುತ್ತದಂತೆ ಎಂದಳು. ಬಿರುಗಾಳಿ ಬೇರೆ ದಾರಿ ಹಿಡಿದ ಮೇಲೆ, ಕತ್ತು ನಿಲ್ಲಲಿ ಎಂದಳು. ಅಷ್ಟರಲ್ಲಿ ಐದು ವರ್ಷಕ್ಕೊಮ್ಮೆ ಅಕ್ಟೋಬರ್ ಒಂದಕ್ಕೆ ನಡೆಯುವ ಜನಗಣತಿ ಬಂತು. ಅದರ ಹಿಂದೆಯೇ ಇಶಿಗುರೆ ಮಾಮನೂ ಬಂದರು.

ಸುಗೆನೊ ಆಗ ಪಟ್ಟಣವೆಂಬ ಹೆಸರಿನಿಂದ ನಗರವೆಂಬ ಹೆಸರಿಗೆ ಹಾರಲು ತುದಿಗಾಲಲ್ಲಿ ನಿಂತಿತ್ತು. ಅದಕ್ಕೆ ಕಾನೂನಿದೆ, ಊರಿನ ಹಿರಿಯರಿಗೆಲ್ಲ ಅದು ಬಾಯಿಪಾಠ. ಹತ್ತರಲ್ಲಿ ಆರು ಮನೆಗಳು ಊರ ನಡುವೆ ಒತ್ತೊತ್ತಾಗಿ ಇರಬೇಕು. ಹತ್ತರಲ್ಲಿ ಆರು ಜನ ಅಂಗಡಿ, ಕಾರ್ಖಾನೆ, ಕಚೇರಿ ಅಂತ ನಗರದವರ ಹಾಗೆ ಹೊಟ್ಟೆ ಹೊರೆಯಬೇಕು. ಪ್ರಾಂತ್ಯದವರು ಹೇಳಿದಷ್ಟು ಶಾಲೆ, ಸೌಕರ್ಯ ಇರಬೇಕು. ಎಲ್ಲಕ್ಕಿಂತ ಮೊದಲು ಐವತ್ತು ಸಾವಿರ ತಲೆಗಳಿರಬೇಕು. ಮಿಕ್ಕದ್ದೆಲ್ಲ ಇತ್ತು, ತಲೆಗಳು ಮಾತ್ರ ಒಂದು ಹಿಡಿ ಕಡಿಮೆ ಬೀಳಬಹುದೆಂಬ ಗುಮಾನಿ. ಒಮ್ಮೆ ಒಳಗೆ ಹೊಕ್ಕರೆ ಸಾಕು, ಆಮೇಲೆ ಅರ್ಧ ಊರು ಖಾಲಿಯಾದರೂ ನಗರವೆಂಬ ಹೆಸರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಇದೂ ಮದುವೆಯ ಹಾಗೇ ಎಂದು ಅಪ್ಪ ಹೇಳುತ್ತಿದ್ದ, ಅಮ್ಮ ಹತ್ತಿರ ಇಲ್ಲದಾಗ.

ಅಪ್ಪನ ಆಸೆ ದೊಡ್ಡದೇನಲ್ಲ. ಪಟ್ಟಣದವರು ವಿಳಾಸ ಬರೆಯುವಾಗ ಊರಿನ ಹೆಸರಿಗೆ ಮೊದಲು ತಾಲ್ಲೂಕಿನ ಹೆಸರನ್ನೂ ಬರೆಯಬೇಕು. ನಗರದವರಿಗೆ ಆ ಕಾಟವಿಲ್ಲ. ಪಕ್ಕದೂರು ನಗರವಾದಾಗ ಅಲ್ಲಿನ ಟೈರ್ ವ್ಯಾಪಾರಿ ಹೊಸ ವಿಳಾಸದ ಬಿಲ್ ತೋರಿಸಿ, ತೊಕುಜಿ, ನಿಮ್ಮ ವಿಳಾಸ ಇನ್ನೂ ಗೂಡ್ಸ್ ಗಾಡಿ ಹಾಗೆ ಉದ್ದ ಇದೆಯಲ್ಲಪ್ಪ ಎಂದು ಹಂಗಿಸಿದ್ದನಂತೆ. ಅದು ಇವನಿಗೆ ಇವತ್ತಿಗೂ ಮುಳ್ಳು. ‘ಸುಗೆನೊ ನಗರ’ ಎಂದು ಬರೆಸಿದ ಹೊಸ ಬೋರ್ಡು ಹಿತ್ತಲ ಶೆಡ್ಡಿನಲ್ಲಿ ಹಳೆಯ ಹೊದಿಕೆ ಹೊದ್ದು ಕೂತಿದೆ ಎಂಬ ಗುಟ್ಟನ್ನು ಅಮ್ಮನೇ ಹೇಳಿದ್ದಳು.

ಇಶಿಗುರೆ ಮಾಮ ಓಣಿಯ ಸಂಘಕ್ಕೆ ಮುಖ್ಯಸ್ಥರು, ಈ ಸಲ ಗಣತಿದಾರರೂ ಅವರೇ. ಸುಟ್ಟ ಸಿಹಿಗೆಣಸನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತರು. ಕೂಸಿಗೆ ಹಾಲು ಸಾಲುತ್ತಿದೆಯೇ ಎಂದು ಕೇಳಿದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು.

“ನೋಡು ಪುಟ್ಟಿ, ನಾನೇನೂ ಬಲವಂತ ಮಾಡಲ್ಲ. ಮೂರು ತಿಂಗಳು ಇರೋರು ಇಲ್ಲಿ ಲೆಕ್ಕ, ಅದಕ್ಕಿಂತ ಮುಂಚೆ ಹೊರಡೋರು ಅಲ್ಲಿ ಲೆಕ್ಕ. ಕಾನೂನು ಅಷ್ಟೇ. ಆದ್ರೆ ಈ ಕತ್ತು ನೋಡಿದ್ರೆ ನವೆಂಬರ್‌ವರೆಗೂ ನಿಲ್ಲೋ ಥರ ನಂಗೆ ಕಾಣ್ಸಲ್ಲ.”

“ಅಷ್ಟು ತಡ ಆಗುತ್ತಾ ಮಾಮ?”

“ನಮ್ಮ ಮೊಮ್ಮಗಂದು ಹೊಸ ವರ್ಷಕ್ಕೇ ನಿಂತಿದ್ದು. ಈಗ ಬೇಸ್‌ಬಾಲ್ ಆಡ್ತಾನೆ. ಅವಸರ ಯಾಕೆ?”

ಶಿಹೊಗೆ ಇಲ್ಲ ಎನ್ನಲು ಬರುವುದಿಲ್ಲ. ಸುಗೆನೊದಲ್ಲಿ ಯಾರಿಗೂ ಬರುವುದಿಲ್ಲ. ಬೇಡವೆನ್ನಬೇಕಾದಾಗ ಅಲ್ಲಿಯವರು ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದು, ನೋಡೋಣ ಎನ್ನುತ್ತಾರೆ. ಕೇಳಿದವರು ಅರ್ಥಮಾಡಿಕೊಂಡು ಎದ್ದು ಹೋಗುತ್ತಾರೆ. ಶಿಹೊ ತಲೆ ವಾಲಿಸಿದಳು, ಉಸಿರೆಳೆದಳು, ನೋಡೋಣ ಎಂದಳು. ಅರವತ್ತು ದಾಟಿದ ಇಶಿಗುರೆ ಮಾಮನಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಭಾಷೆ ಅದು. ಆ ದಿನ ಮಾತ್ರ ಅವರು ಅದನ್ನು ಹೌದೆಂದೇ ಇಟ್ಟುಕೊಂಡು, ತುಂಬಬೇಕಾದ ಕಾಗದ ಕೊಟ್ಟು, ಖುಷಿಯಾಗಿ ಹೋದರು.

ಅಪ್ಪ ತನ್ನದು, ಅಮ್ಮನದು ತುಂಬಿ, ಕಾಗದವನ್ನೂ ಪೆನ್ಸಿಲ್ಲನ್ನೂ ಶಿಹೊಳ ಕಡೆ ಸರಿಸಿದ. ನಾನು ಏನು ಬರೀಲಪ್ಪ ಎಂದು ಅವಳು ಕೇಳಿದಳು. ಊರಿಗಾಗಿ ಇಲ್ಲೇ ಬರೆ ಮಗಳೇ ಎಂದು ಅವನು ಬಾಯಿಬಿಟ್ಟು ಹೇಳಲಿ ಎಂಬುದು ಅವಳ ಆಸೆ. ಹೇಳಿದರೆ ತಪ್ಪು ಅವನದಾಗುತ್ತಿತ್ತು. ಅಪ್ಪ ಗ್ರೀಸ್ ಮೆತ್ತಿದ ಉಗುರನ್ನೇ ನೋಡಿಕೊಂಡು ಅಂದ: “ನೀನು ಎಲ್ಲಿರ್ತೀಯ ಅಂತ ಅಲ್ವಾ ಅದರಲ್ಲಿ ಕೇಳಿರೋದು? ಅದು ನಿಂಗೆ ಗೊತ್ತಿದ್ರೆ ಬರಿ. ನಂಗಂತೂ ಗೊತ್ತಿಲ್ಲ.”

ಅವಳಿಗೂ ಗೊತ್ತಿರಲಿಲ್ಲ. ಆದರೆ ಶೆಡ್ಡಿನ ಬೋರ್ಡು ನೆನಪಾಯಿತು. ತನ್ನ ಹೆಸರು, ಕೂಸಿನ ಹೆಸರು ಎರಡನ್ನೂ ಬರೆದಳು. ಬರೆಯುವಾಗ ಎದೆ ಸ್ವಲ್ಪ ಉಬ್ಬಿತು ಕೂಡ. ಊರಿಗಾಗಿ ಒಬ್ಬ ಬಾಣಂತಿ ಇದಕ್ಕಿಂತ ಹೆಚ್ಚೇನು ಮಾಡಬಲ್ಲಳು? ಮರುದಿನ ಬೆಳಿಗ್ಗೆಯೇ ಇಶಿಗುರೆ ಮಾಮ ಬಂದು ಲಕೋಟೆ ಒಯ್ದರು. ಅವರು ಓಣಿ ದಾಟಿದ್ದರೋ ಇಲ್ಲವೋ, ನಗೋಯಾದಿಂದ ಗಂಡ ಕೋಹೇಯ ಫೋನು.

“ಗಣತಿದು ಮೊಬೈಲಲ್ಲೇ ಮುಗಿಸ್ದೆ. ಮೂರು ಜನ ಅಂತ ಹಾಕಿದೀನಿ. ಮೂರು ಅಂತ ಒತ್ತುವಾಗ ಒಂಥರಾ ಖುಷಿ ಆಯ್ತು ಗೊತ್ತಾ.”

ಅವಳು ಹೂಂ ಎಂದಳು.

“ಯಾವಾಗ ಬರ್ತೀಯ?”

“ನೋಡೋಣ.”

ಕೋಹೇ ಸುಗೆನೊದವನಲ್ಲ. ನೋಡೋಣ ಎಂದರೆ ನೋಡುತ್ತಾರೆ ಎಂದೇ ಅವನು ತಿಳಿದಿರುವುದು. ಸರಿ, ನೋಡ್ಕೊಂಡು ಹೇಳು ಎಂದು ಫೋನಿಟ್ಟ.

ಆ ಫೋನಿನಿಂದ ಶುರುವಾದದ್ದು ಈ ಕೊರೆತ. ಹಾಲೂಡಿಸುತ್ತ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಗಣತಿಯ ಕಾನೂನು ಓದಿದಳು. ಸುಳ್ಳು ಹೇಳಿದರೆ ದಂಡ ಎಂದಿತ್ತು. ದಂಡ ಯಾರ ಮೇಲೆ? ಬೋರ್ಡಿನ ಆಸೆಗೆ ಅಪ್ಪನೇ ಬರೆಸಿದ ಎಂದಾದರೆ? ಸುಗೆನೊ ನಗರವಾಗಿ, ಬ್ಯಾಂಡು ಬಾರಿಸಿ, ಆಮೇಲೆ ಯಾರೋ ಅಧಿಕಾರಿ ಕನ್ನಡಕ ಏರಿಸಿ, ಈ ಐವತ್ತು ಸಾವಿರದಲ್ಲಿ ಒಂದು ಕೂಸು ನಗೋಯಾದ್ದು ಎಂದುಬಿಟ್ಟರೆ? ಸಂಜೆ ಐದಕ್ಕೆ ಪಟ್ಟಣದ ಧ್ವನಿವರ್ಧಕ, ಗಣತಿಯಿಂದ ಯಾರೂ ತಪ್ಪಿಸಿಕೊಳ್ಳಬಾರದು ಎಂದು ಕೂಗಿತು. ಕೋಟೊ ಬೆಚ್ಚಿ ಅತ್ತಳು. ಶಿಹೊ ಅದಕ್ಕಿಂತ ಹೆಚ್ಚು ಬೆಚ್ಚಿದಳು.

ಕೊನೆಗೆ ಮೂಲಂಗಿ ಹೆಚ್ಚುತ್ತಿದ್ದ ಅಮ್ಮನ ಮುಂದೆ ಎಲ್ಲವನ್ನೂ ಒದರಿದಳು. ಅಮ್ಮ ಚಾಕು ನಿಲ್ಲಿಸಲಿಲ್ಲ.

“ಹಾಗಾದ್ರೆ ಇದ್ದುಬಿಡು. ನವೆಂಬರ್‌ವರೆಗೂ ಇದ್ರೆ ನೀನು ಬರೆದದ್ದು ನಿಜ ಆಗುತ್ತೆ. ಕೋಹೇ ತಿದ್ಕೊಳ್ಳಲಿ.”

ಎಷ್ಟು ಸುಲಭ! ಶಿಹೊಗೆ ಇದು ಹೊಳೆದೇ ಇರಲಿಲ್ಲ. ಅವಳ ಮುಖ ಅರಳಿದ್ದನ್ನು ಅಮ್ಮ ಓರೆಗಣ್ಣಿನಲ್ಲಿ ನೋಡಿದಳು.

“ಆದ್ರೆ ಊರಿಗೋಸ್ಕರ ಇದ್ದೀನಿ ಅಂತ ನಿಂಗೆ ನೀನೇ ಹೇಳ್ಕೋಬೇಡ. ನೀನು ನಿಂತಿರೋದು ಕೂಸಿಗೆ ಸ್ನಾನ ಮಾಡ್ಸೋ ಹೆದರಿಕೆಗೆ.”

ಮಾತು ಹೋಗಿ ಸರಿಯಾದ ಜಾಗಕ್ಕೇ ತಾಗಿತು. ಹುಟ್ಟಿದಾಗಿನಿಂದ ಕೋಟೊಗೆ ಸ್ನಾನ ಮಾಡಿಸಿದವಳು ಅಮ್ಮ. ಶಿಹೊ ಪಕ್ಕದಲ್ಲಿ ಟವೆಲ್ ಹಿಡಿದು, ಹುಷಾರು ಹುಷಾರು ಎನ್ನುವ ಕೆಲಸವನ್ನು ಮಾತ್ರ ಶ್ರದ್ಧೆಯಿಂದ ಮಾಡಿದ್ದಳು. ನಗೋಯಾದ ಫ್ಲ್ಯಾಟಿನಲ್ಲಿ ಕೋಹೇ ಮನೆ ಸೇರುವ ಹೊತ್ತಿಗೆ ಕೂಸು ಮಲಗಿರುತ್ತದೆ. ನೀರು, ಸೋಪು, ಜಾರುವ ಕೂಸು, ತಾನೊಬ್ಬಳು. ಬಿರುಗಾಳಿ, ಕತ್ತು, ಕಾನೂನು, ನಗರ ಎಲ್ಲವೂ ಆ ಟಬ್ಬಿನ ಮುಂದೆ ಅವಳು ಎಳೆದ ಪರದೆಗಳು.

ಸೋಯಾ ಸಾಸ್ ಮುಗಿದಿದೆ ಎಂದು ಅಮ್ಮ ಚೀಲ ಹಿಡಿದು ಹೊರಟುಬಿಟ್ಟಳು. ತುಂಬಿದ ಬಾಟಲಿ ಒಲೆಯ ಪಕ್ಕದಲ್ಲೇ ನಿಂತಿತ್ತು. ಟಬ್ಬಿನಲ್ಲಿ ನೀರು ಬೆಚ್ಚಗಿತ್ತು.

ಶಿಹೊ ನೀರನ್ನು ಮೊಣಕೈಯಿಂದ ನೋಡಿದಳು, ಮತ್ತೆ ನೋಡಿದಳು, ಸಮಾಧಾನವಾಗದೆ ಇನ್ನೊಂದು ಮೊಣಕೈಯಿಂದಲೂ ನೋಡಿದಳು. ಕೂಸಿನ ಎದೆಗೆ ತೆಳುಬಟ್ಟೆ ಹೊದಿಸಿ, ಎಡ ಅಂಗೈಯನ್ನು ಕತ್ತಿನಡಿ ಕೊಟ್ಟು ಇಳಿಸಿದಳು. ಕೋಟೊ ಅಳಲಿಲ್ಲ. ಅರ್ಜಿಯಲ್ಲಿ ತಪ್ಪು ಹುಡುಕುವ ಗುಮಾಸ್ತನ ಹಾಗೆ ಹುಬ್ಬುಗಂಟಿಕ್ಕಿ ತಾಯಿಯನ್ನು ನೋಡಿದಳು, ಒಮ್ಮೆ ಬಿಕ್ಕಳಿಸಿದಳು, ಆಮೇಲೆ ಕಾಲು ಚಾಚಿದಳು. ನೆಲವೆಲ್ಲ ನೀರಾಯಿತು. ಟವೆಲ್ ಹೊರಗೇ ಉಳಿದಿತ್ತು. ಶಿಹೊ ತನ್ನ ಅಂಗಿಯಲ್ಲೇ ಕೂಸನ್ನು ಸುತ್ತಿಕೊಂಡು ಎದ್ದಾಗ ತಾನು ಕಾಲುಚೀಲ ಬಿಚ್ಚಿರಲಿಲ್ಲವೆಂದು ಗೊತ್ತಾಯಿತು. ಕತ್ತು ಮಾತ್ರ ಎಲ್ಲೂ ಹೋಗಿರಲಿಲ್ಲ. ಅದು ಅವಳ ಅಂಗೈಯಲ್ಲೇ ಇತ್ತು.

ಕೂಸನ್ನು ಒರೆಸಿ ಮಲಗಿಸಿ, ಒದ್ದೆ ಕಾಲುಚೀಲದಲ್ಲೇ ಅಂಗಡಿಯ ಬಾಗಿಲಿಗೆ ಬಂದಳು. ಅಪ್ಪ ಒಂದು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ. ಅವನಿಗೆ ಕೇಳಿಸಲಿ ಎಂದೇ ಅಲ್ಲಿಂದ ಫೋನ್ ಮಾಡಿದಳು.

“ಮಾಮ, ನಾನು ಶಿಹೊ. ನಮ್ಮನೆ ಕಾಗದದಲ್ಲಿ ಎರಡು ಹೆಸರು ಹೆಚ್ಚಾಗಿದೆ. ನಂದು, ಕೂಸಿಂದು. ನಾವು ಭಾನುವಾರ ಹೊರಡ್ತೀವಿ.”

ಪಂಪಿನ ಸದ್ದು ನಿಂತಿತು. ಆ ಕಡೆ ಇಶಿಗುರೆ ಮಾಮ ಹಲ್ಲಿನ ಸಂದಿಯಿಂದ ಉಸಿರೆಳೆದರು.

“ನೋಡೋಣ ಪುಟ್ಟಿ...”

“ನೋಡೋಣ ಅಲ್ಲ ಮಾಮ. ಹೊರಡ್ತೀವಿ.”

ತನ್ನ ಬಾಯಿಂದ ಬಂದ ಮಾತಿಗೆ ಶಿಹೊಗೇ ಗಾಬರಿಯಾಯಿತು. ಕ್ಷಮೆ ಕೇಳಿಬಿಡಲೇ ಎಂದು ನಾಲಿಗೆ ತುದಿಗೆ ಬಂತು, ತಡೆದುಕೊಂಡಳು. ಬೆನ್ನ ಹಿಂದೆ ಪಂಪು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

“ಪೆನ್ಸಿಲ್‌ನಲ್ಲಿ ತಾನೇ ಬರ್ದಿರೋದು?” ಎಂದರು ಮಾಮ. “ರಬ್ಬರ್ ಹಿಡ್ಕೊಂಡು ಬರ್ತೀನಿ, ನೀನೇ ಅಳಿಸುವಿಯಂತೆ. ಗೆಣಸೂ ತರ್ತೀನಿ, ದಾರಿಗಾಗುತ್ತೆ. ಇನ್ನೊಂದು ಮಾತು ಕೇಳ್ಕೋ ತಾಯಿ. ಮುಂದಿನ ಗಣತಿ ಹೊತ್ತಿಗೆ ಎರಡನೇದು ಏನಾದ್ರೂ ಇದ್ರೆ, ಆಗಸ್ಟ್‌ನಲ್ಲಿ ಬರ್ಬೇಡ. ಜೂನ್‌ನಲ್ಲೇ ಬಂದ್ಬಿಡು.”