ಅತ್ತೆಯ ಹೊಲದ ಬ್ಯಾಕ್ಟೀರಿಯಾ

ಶಲವಡಿಯಲ್ಲಿ ಸೋದರತ್ತೆ, ಮಾವನ ಮನೆಯಲ್ಲಿದ್ದುಕೊಂಡು ನಾನು ದಿನವೂ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಹೋಗಿಬರುತ್ತೇನೆ. ಕಡಲೆ ಗಿಡವನ್ನು ಒಣಗಿಸಿ ಕೊಲ್ಲುವ ಸಿಡಿ ರೋಗವನ್ನು ತಡೆಯಬಲ್ಲ ಬ್ಯಾಕ್ಟೀರಿಯಾ ಹುಡುಕುವುದು ನನ್ನ ಕೆಲಸ. ಹೋದ ವರ್ಷ ಅಂಥದ್ದೊಂದು ಸಿಕ್ಕಿತು, ಅದೂ ಅತ್ತೆಯ ಹೊಲದಲ್ಲೇ. ಸುತ್ತಲಿನ ಗಿಡಗಳೆಲ್ಲ ಸತ್ತರೂ ಹಸಿರಾಗಿ ನಿಂತಿದ್ದ ಒಂದು ಗಿಡದ ಬೇರಿನಿಂದ ತೆಗೆದಿದ್ದೆ. ರೋಗದ ಮಣ್ಣು ತುಂಬಿದ ಕುಂಡಗಳಲ್ಲಿ ಹಾಕಿ ನೋಡಿದರೆ ಗಿಡಗಳಿಗೆ ರೋಗದ ಸುಳಿವೇ ಇಲ್ಲ. ಅತ್ತೆಯನ್ನು ಕರೆದೊಯ್ದು ತೋರಿಸಿದೆ. "ಈ ಸಲ ಬೀಜಕ್ಕ ಇದನ್ನ ಹಚ್ಚೂಣು" ಎಂದು ಆಕೆ ಅಲ್ಲೇ ನಿರ್ಧರಿಸಿಬಿಟ್ಟಳು.

ಮನುಷ್ಯರಿಗೆ ಅಪಾಯವಿಲ್ಲವೇ ಎಂಬ ಪರೀಕ್ಷೆ ಉಳಿದಿತ್ತು. ಕುರಿಯ ರಕ್ತ ಬೆರೆಸಿದ ತಟ್ಟೆಯ ಮೇಲೆ ಅದನ್ನು ಸವರಿ, ನಮ್ಮ ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟೆ. ಮರುದಿನ ತೆಗೆದರೆ ಹುಲುಸಾಗಿ ಬೆಳೆದಿತ್ತು. ಸುತ್ತಲಿನ ಕೆಂಪೆಲ್ಲ ಕರಗಿ ತಿಳಿಯಾಗಿತ್ತು. ರಕ್ತಕಣಗಳನ್ನು ಒಡೆಯುತ್ತಿದೆ ಎಂದರ್ಥ. ಮತ್ತೆ ಮಾಡಿದೆ. ಮತ್ತೆ ಅದೇ. ನನಗೆ ನೆನಪಾದದ್ದು ಮಾವನ ಅಂಗಾಲು. ಸಕ್ಕರೆ ಕಾಯಿಲೆಯ ಹುಣ್ಣು ಮಾಯುತ್ತಲೇ ಇರಲಿಲ್ಲ, ಆದರೂ ಅವರು ಬರಿಗಾಲಲ್ಲೇ ಹೊಲಕ್ಕೆ ಹೋಗುತ್ತಿದ್ದರು.

ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ, ಅದನ್ನು ಬೀಜಕ್ಕೆ ಹಚ್ಚುವಂತಿಲ್ಲ ಎಂದು ಹೇಳಿದೆ. ಕೈ ನಿಂತಿತು.

"ನನ್ನ ಹೊಲದಾಗಿಂದ ಒಯ್ದಿ. ಈಗ ನನಗ ಕೊಡಂಗಿಲ್ಲ ಅಂದ್ರ ಹೆಂಗಬೇ?"

"ಮಾವನ ಕಾಲಾಗ ಹುಣ್ಣೈತ್ರಿ ಅತ್ತಿ."

"ಅದು ಆ ಮಣ್ಣಾಗ ಮೊದಲಿಂದ ಐತಲ್ಲ. ದಿನಾ ತುಳೀತಾರ. ಏನಾಗೇತಿ?"

"ಅಲ್ಲಿ ಅಷ್ಟಿಷ್ಟ ಇರ್ತೈತ್ರಿ. ನಾವು ಬೆಳೆಸಿ ಹಚ್ಚಿದ್ರ ಹೊಲದ ತುಂಬ ಅದ ಆಗ್ತೈತಿ."

"ಹುಣ್ಣಿಗೆ ತಾಕಿದ್ರ ಏನಾಗ್ತೈತಿ, ಖಾತ್ರಿ ಹೇಳು."

ಖಾತ್ರಿ ನನಗೂ ಇರಲಿಲ್ಲ. ಗೊತ್ತಿಲ್ಲ ಎಂದೆ. ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ ನನಗೆ ಬೆನ್ನು ಮಾಡಿದಳು.

ಮರುದಿನ ಪ್ರಯೋಗಾಲಯದಲ್ಲಿ ಬೆಳೆಸಿಟ್ಟಿದ್ದ ಆ ಬ್ಯಾಕ್ಟೀರಿಯಾವನ್ನೆಲ್ಲ ಹಬೆಯಲ್ಲಿ ಬೇಯಿಸಿ ಕೊಂದೆ. ಹಿಂಗಾರಿ ಬಿತ್ತನೆ ಆಯಿತು. ಸಿಡಿ ಬಂತು. ಬಸ್ಸಿಳಿದು ಮನೆ ಸೇರಲು ನನಗೆ ಆ ಹೊಲದ ಬದುವಿನ ದಾರಿಯೊಂದೇ. ಹಳದಿಯಾಗಿ ಜೋತುಬಿದ್ದ ಗಿಡಗಳನ್ನು ನೋಡುತ್ತ ಬರಬೇಕು, ಬಂದು ಅತ್ತೆ ಬಡಿಸಿದ್ದನ್ನು ಉಣ್ಣಬೇಕು. ಬೇರೆ ಮನೆ ಹಿಡಿಯೋಣವೆಂದರೆ ಮನೆಯಲ್ಲಿ ಜಗಳವಾಯಿತೆಂದು ಊರು ಆಡಿಕೊಳ್ಳುತ್ತಿತ್ತು. ಮಾವ ಒಮ್ಮೆ, "ನನ್ನ ಕಾಲಿನ ಸಲುವಾಗಿ ಬೆಳಿ ಹೋತು ಅಂತಾಳವ್ವಾ ಆಕಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಈಗ ಅದೇ ಹೊಲದಿಂದ ತಂದ ಇನ್ನೊಂದು ಬ್ಯಾಕ್ಟೀರಿಯಾವನ್ನು ಪರೀಕ್ಷಿಸುತ್ತಿದ್ದೇನೆ. ರಕ್ತದ ತಟ್ಟೆಯಲ್ಲಿ ಕೆಂಪನ್ನು ಕರಗಿಸದೆ ತೆಪ್ಪಗಿದೆ, ಆದರೆ ಕುಂಡದ ಗಿಡಗಳು ಸಿಡಿಗೆ ಅರ್ಧಕ್ಕರ್ಧ ಒಣಗಿವೆ. ಅತ್ತೆಗೆ ಹೇಳಿಲ್ಲ, ಆಕೆಯೂ ಕೇಳುವುದಿಲ್ಲ. ಒಳಗಿನಿಂದ "ಬಾ, ಉಣ್ಣು" ಎನ್ನುತ್ತಾಳೆ. ಹೋಗಿ ಕೂರುತ್ತೇನೆ.