ಸುದ್ದಿ ಓದುತ್ತಿದ್ದ ಬಾಯಿ

ನನ್ನ ಕಣ್ಣು ಒಂದೇ ದಿನದಲ್ಲಿ ಹೋಗಲಿಲ್ಲ. ಭಾಲ್ಕಿಯ ಪ್ರೌಢಶಾಲೆಗೆ ಕನ್ನಡ ಶಿಕ್ಷಕನಾಗಿ ಸೇರಿದಾಗ ಕಪ್ಪುಹಲಗೆಯ ಮೇಲೆ ನಾನೇ ಬರೆಯುತ್ತಿದ್ದೆ. ಆಮೇಲೆ ಬರೆದ ಸಾಲುಗಳು ಒಂದರ ಮೇಲೊಂದು ಬೀಳತೊಡಗಿದವು. ಹಿಂದಿನ ಬೆಂಚಿನ ಮಕ್ಕಳ ಮುಖಗಳು ಮೊದಲು ಹೋದವು, ಮುಂದಿನ ಬೆಂಚಿನವು ಆಮೇಲೆ. ಹೈದರಾಬಾದಿನಲ್ಲಿ ತೋರಿಸಿದಾಗ ಕಣ್ಣಿನ ಒಳಪರದೆ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದು ವೈದ್ಯರು ಹೇಳಿದರು. ಬರುವಾಗ ರೈಲಿನಲ್ಲಿ ಹೆಂಡತಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.

ನೌಕರಿ ಹೋಗಲಿಲ್ಲ. ಪಾಠಗಳು ಬಾಯಿಪಾಠವಾಗಿದ್ದವು, ಮಕ್ಕಳು ನನ್ನನ್ನು ಕೈಹಿಡಿದು ತರಗತಿಗೆ ಒಯ್ಯುತ್ತಿದ್ದರು. ಆದರೆ ಓದುವುದು ನಿಂತುಹೋಯಿತು. ಅನ್ನ ನೀರಿಗಿಂತ ಹೆಚ್ಚಾಗಿ ಓದಿಕೊಂಡು ಬೆಳೆದವನು ನಾನು. ಮಹಾರಾಷ್ಟ್ರದ ಗಡಿಗಿರುವ ನಮ್ಮೂರು ಮೆಹಕರದ ಮನೆಯಲ್ಲಿ ಮೊದಲು ಅಕ್ಷರ ಕಲಿತವನು ನಮ್ಮಣ್ಣ, ಅವನ ಹಿಂದೆ ನಾನು. ಅವ್ವನಿಗೆ ಓದು ಬರಹ ಇಲ್ಲ. ಕಿರಾಣಿ ಕಟ್ಟಿಕೊಟ್ಟ ಕಾಗದವನ್ನೂ ಬಿಸಾಡದೆ ನನ್ನ ಮುಂದೆ ಹಿಡಿದು ಓದಿಸುತ್ತಿದ್ದಳು.

ಆ ಕಾಲದಲ್ಲೇ ಬೀದರಿನಲ್ಲಿ ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುವ ಒಂದು ಶಿಬಿರ ನಡೆಯಿತು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಇದೆ, ಕೀಲಿಗಳನ್ನು ಬೆರಳಿಗೆ ರೂಢಿ ಮಾಡಿಕೊಂಡರೆ ಸಾಕು ಎಂದು ತಿಳಿದದ್ದು ಅಲ್ಲಿ. ಔರಾದಿನ ಒಬ್ಬ ಬ್ಯಾಂಕ್ ನೌಕರನ ಗುರುತಾದದ್ದೂ ಅಲ್ಲೇ. ನನಗಿಂತ ಬಹಳ ಚಿಕ್ಕವನು, ಹುಟ್ಟುಗುರುಡ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾನೆ, ಕಂಪ್ಯೂಟರಿನ ಜೊತೆಗೆ ಇಂಗ್ಲಿಷು, ನನ್ನ ಜೊತೆಗೆ ಕನ್ನಡ. ಕಲಿಸುವವರು ಊಟಕ್ಕೆ ಹೋದಾಗ ಅವನೇ ನನಗೆ ಕಲಿಸುತ್ತಿದ್ದ.

ಭಾಲ್ಕಿಗೆ ಬಂದು ನಾನೊಂದು ಕಂಪ್ಯೂಟರ್ ತೆಗೆದುಕೊಂಡೆ. ಅದರಲ್ಲಿ ವಿಂಡೋಸ್ ಇತ್ತು. ಅದಕ್ಕೆ ಬೇರೆಯಾಗಿ ಒಂದು ಕನ್ನಡ ಧ್ವನಿಯನ್ನು ಕೊಂಡು ಹಾಕಿಸಿದೆ. ಹೆಣ್ಣು ಧ್ವನಿ. ಯಂತ್ರದ ಧ್ವನಿಯೇ ಹೌದು, ಆದರೆ ಳಕಾರ ಲಕಾರ ಬೇರೆ ಬೇರೆ ಕೇಳುತ್ತಿದ್ದವು, ಒತ್ತಕ್ಷರ ಮುರಿಯುತ್ತಿರಲಿಲ್ಲ, ವಾಕ್ಯ ಮುಗಿಯುವಲ್ಲಿ ದನಿ ಇಳಿಯುತ್ತಿತ್ತು. ಮೊದಲ ಸಂಜೆ ಅದು ಅಂತರ್ಜಾಲದ ಪತ್ರಿಕೆಯ ಒಂದು ಪುಟ ಓದಿದಾಗ ನಾನು ಮುಖ ತಿರುಗಿಸಿಕೊಂಡೆ, ಹೆಂಡತಿ ನೋಡಬಾರದೆಂದು.

ಆಗ ನಮ್ಮ ಜೊತೆಗೇ ಇದ್ದ ಅವ್ವನಿಗೆ ಆ ಧ್ವನಿ ಬಹಳ ಹಿಡಿಸಿತು. ನಮ್ಮ ಕಡೆ ಮರ್ಯಾದಸ್ಥ ಹೆಂಗಸನ್ನು ಬಾಯಿ ಎನ್ನುತ್ತಾರೆ. ಅವಳೂ ಅದನ್ನು ಬಾಯಿ ಎಂದೇ ಕರೆದಳು. ಸಂಜೆ ಚಹಾ ಕುಡಿದು ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು.

“ಏನ್ ಬಾಯಿ, ಇವತ್ತ ಏನ್ ಸುದ್ದಿ ತಂದಿ?”

ಬಾಯಿ ಓದುತ್ತಿದ್ದಳು. ಬೀದರ ಜಿಲ್ಲೆಯಲ್ಲಿ ಮಳೆಯಾಗುವ ಸಂಭವ ಎಂದರೆ ಅವ್ವ ಬಿಡುತ್ತಿರಲಿಲ್ಲ. “ನಿನ್ನೆನೂ ಹಂಗೇ ಅಂದಿದ್ದಿ. ಎಲ್ಲಿ ಬಂತು?” ಯಾರೋ ಮಂತ್ರಿ ಏನೋ ಕೊಡುವೆನೆಂದರೆ, “ಅವಾ ಕೊಡಂಗಿಲ್ಲ ಬಿಡು, ಮುಂದ ಓದು” ಎನ್ನುತ್ತಿದ್ದಳು. ಸಾವಿನ ಸುದ್ದಿ ಬಂದರೆ ಸತ್ತವರ ವಯಸ್ಸು ಕೇಳುತ್ತಿದ್ದಳು, ಬಾಯಿ ಹೇಳದಿದ್ದರೆ ನಾನು ಹುಡುಕಿ ಹೇಳಬೇಕಿತ್ತು. ಮೆಹಕರದಿಂದ ಅಣ್ಣ ಕರೆಯಲು ಬಂದಾಗಲೆಲ್ಲ, “ಅಲ್ಲಿ ನನಗ ಪೇಪರ್ ಯಾರ್ ಓದ್ತಾರೋ?” ಎಂದು ಅವನನ್ನು ಒಬ್ಬನನ್ನೇ ತಿರುಗಿ ಕಳಿಸುತ್ತಿದ್ದಳು.

ಹೀಗೆ ಕೆಲವು ವರ್ಷ ನಡೆಯಿತು. ಆಮೇಲೆ ಕಂಪ್ಯೂಟರಿಗೆ ವಯಸ್ಸಾಯಿತು. ಬಾಯಿ ಓದುತ್ತ ಓದುತ್ತ ನಡುವೆಯೇ ನಿಲ್ಲುತ್ತಿದ್ದಳು, ಒಂದೇ ಅಕ್ಷರವನ್ನು ತೊದಲುತ್ತಿದ್ದಳು. ಈ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಸಿಗುವುದಿಲ್ಲ ಎಂಬ ಸೂಚನೆ ದಿನವೂ ಬರತೊಡಗಿತು, ಅದನ್ನೂ ಅವಳೇ ಓದುತ್ತಿದ್ದಳು. ಶಾಲೆಯ ಅಂಕಗಳನ್ನು ತುಂಬುವ ಜಾಲತಾಣ ತೆರೆಯುವುದನ್ನು ನಿಲ್ಲಿಸಿತು. ಬೀದರಿನ ಅಂಗಡಿಯವನು ನೋಡಿ, ಹೊಸ ವಿಂಡೋಸ್ ಈ ಯಂತ್ರಕ್ಕೆ ಕೂರುವುದಿಲ್ಲ, ಯಂತ್ರವನ್ನೇ ಬದಲಿಸಿರಿ ಎಂದ. ಆ ವರ್ಷ ಅದು ನಮ್ಮಿಂದಾಗುವ ಮಾತಾಗಿರಲಿಲ್ಲ.

ಔರಾದಿನ ಗೆಳೆಯನಿಗೆ ಫೋನು ಮಾಡಿದೆ.

“ವಿಂಡೋಸಿನ ಬದ್ಲಿ ಲಿನಕ್ಸ್ ಹಾಕೋಣ್ರಿ ಸರ್,” ಎಂದ ಅವನು. “ಹಳೇ ಮಶೀನಿನಾಗೂ ಓಡ್ತದ. ಓದೋ ಸಾಫ್ಟವೇರ್ ಅದರಾಗೇ ಇರ್ತದ. ಫುಕಟ್. ನಾ ಎರಡು ವರ್ಷ ಆತು ವಿಂಡೋಸ್ ಬಿಟ್ಟು. ಒಮ್ಮೆ ಬಂದು ಕೇಳ್ರಿ.”

ಒಂದು ಭಾನುವಾರ ಹೆಂಡತಿ ನನ್ನನ್ನು ಔರಾದಿಗೆ ಕರೆದುಕೊಂಡು ಹೋದಳು. ಅವನ ತಾಯಿ ನಮಗೆ ಶೀರ್ ಕುರ್ಮಾ ಕೊಟ್ಟಳು, ರಂಜಾನ್ ಹಬ್ಬ ಮುಗಿದು ಎರಡು ದಿನವಾಗಿತ್ತು. ಅವನು ಕೀಲಿ ಒತ್ತಿದ್ದೇ ತಡ ಯಂತ್ರ ಎದ್ದು ಕೂತಿತು. ಇಂಗ್ಲಿಷಿನಲ್ಲಿ, ನನಗೆ ಹಿಡಿಯಲಾರದಷ್ಟು ವೇಗದಲ್ಲಿ ಓದಿತು. ಅವನ ಬೆರಳುಗಳ ಟಕಟಕ ಮಳೆಯ ಹಾಗಿತ್ತು.

“ಕನ್ನಡ?” ಎಂದು ಕೇಳಿದೆ.

“ಕನ್ನಡನೂ ಅದ ಸರ್. ನಾ ಬಳಸಂಗಿಲ್ಲ, ಆದ್ರ ಅದ.” ಆಮೇಲೆ ನನ್ನ ಕಡೆ ಬಗ್ಗಿ ಹೇಳಿದ. “ಇದು ಯಾರ ಅಪ್ಪಂದೂ ಅಲ್ಲರಿ ಸರ್. ಯಾರೂ ಬಂದ್ ಮಾಡ್ಲಿಕ್ಕೆ ಬರಂಗಿಲ್ಲ. ನಮ್ದ ಅದ.”

ಆ ಮಾತು ನನ್ನ ಮನಸ್ಸಿಗೆ ನಾಟಿತು. ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಅದನ್ನೇ ಮತ್ತೆ ಮತ್ತೆ ಹೇಳಿದೆ.

ಮುಂದಿನ ರಜೆಗೆ ಅವನು ಭಾಲ್ಕಿಗೆ ಬಂದ. ನಮ್ಮ ಮನೆಯಲ್ಲಿ ಅಷ್ಟು ನಗು ಎದ್ದ ದಿನ ಆಮೇಲೆ ಬರಲಿಲ್ಲ. ಇಬ್ಬರು ಕುರುಡರು ಮಧ್ಯಾಹ್ನವಿಡೀ ಯಂತ್ರದ ಮುಂದೆ ಕೂತು ಹಳೆಯದನ್ನು ಒರೆಸಿ ಹೊಸದನ್ನು ಹಾಕಿದೆವು. ಎರಡನ್ನೂ ಇಡಲು ಜಾಗವಿರಲಿಲ್ಲ. ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಸಾಗಿಸಿಟ್ಟುಕೊಂಡೆವು. ಅರ್ಧ ಕೆಲಸವಾದ ಮೇಲೆ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಳು.

“ಏನ್ರಿ, ಪರದಿ ಬಂದ್ ಅದ. ಕರ್ರಗ ಕಾಣ್ಲತ್ತದ.”

ಪರದೆಯ ವೈರನ್ನೇ ನಾವು ಸಿಕ್ಕಿಸಿರಲಿಲ್ಲ. ಅದರ ನೆನಪೂ ನಮಗೆ ಬಂದಿರಲಿಲ್ಲ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವನೂ ನಕ್ಕಳು. “ಬೇಟಾ, ನಿನಗ ಬ್ಯಾಂಕಿನಾಗ ಪಗಾರ ಜಾಸ್ತಿ ಕೊಡಬೇಕು” ಎಂದಳು.

ಎಲ್ಲ ಮುಗಿದ ಮೇಲೆ ಧ್ವನಿಯನ್ನು ಕನ್ನಡಕ್ಕೆ ತಿರುಗಿಸಿ ಅಂದಿನ ಪತ್ರಿಕೆ ತೆರೆದೆವು. ಅವ್ವ ಗೋಡೆಗೆ ಒರಗಿ ಕೂತಳು.

ತಗಡಿನ ಡಬ್ಬಿಯಲ್ಲಿ ಮುಖವಿಟ್ಟು ಒಬ್ಬ ಗಂಡಸು ಓದಿದ ಹಾಗೆ ಕೇಳಿತು. ದೀರ್ಘ ಹ್ರಸ್ವ ಒಂದೇ ಆಗಿದ್ದವು. ಒತ್ತಕ್ಷರ ಬಂದಲ್ಲಿ ಪದ ಎರಡು ತುಂಡಾಗುತ್ತಿತ್ತು. ವಾಕ್ಯ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಶುಂಠಿ ಬೆಳೆಗೆ ಕೊಳೆ ರೋಗ ಎಂಬ ಸುದ್ದಿಯಲ್ಲಿ ಳ ಕೇಳಲೇ ಇಲ್ಲ.

“ಯಾರ್ದು ಕೊಲಿ ಆತು?” ಎಂದು ಅವ್ವ ಕೇಳಿದಳು.

“ಕೊಲಿ ಅಲ್ಲವ್ವ. ಶುಂಠಿ ಕೊಳೀಲತ್ತದಂತ.”

“ಬಾಯಿ ಎಲ್ಲಿಗಿ ಹೋದಳು?”

ಔರಾದಿನ ಗೆಳೆಯ ಧ್ವನಿಯ ವೇಗ ಇಳಿಸಿದ, ಏರಿಸಿದ, ಹೆಣ್ಣುದನಿ ಮಾಡಿ ನೋಡಿದ. ಅದೇ ಗಂಡಸು ಗಂಟಲು ಸಣ್ಣ ಮಾಡಿದ ಹಾಗಾಯಿತು. “ರೂಢಿ ಆಗ್ತದ್ರಿ ಸರ್,” ಎಂದ. ಬಸ್ಸಿಗೆ ಹೊರಡುವಾಗ ಅವನ ದನಿ ಮೊದಲಿನ ಹಾಗಿರಲಿಲ್ಲ.

ನಾನು ರೂಢಿ ಮಾಡಿಕೊಳ್ಳಲು ಹೊರಟೆ. ಕೀಲಿಗಳು ಬೇರೆ, ಕಡತಗಳಿರುವ ಜಾಗ ಬೇರೆ. ಹಳೆಯದರಲ್ಲಿ ಕಣ್ಣಿದ್ದವರಷ್ಟೇ ಸಲೀಸಾಗಿ ಓಡಾಡುತ್ತಿದ್ದವನು ಈಗ ಹೊಸ ಮನೆಯಲ್ಲಿ ಗೋಡೆ ಸವರುತ್ತ ನಡೆಯುತ್ತಿದ್ದೆ. ಅದನ್ನು ಹೇಗೋ ಕಲಿತೆ. ಧ್ವನಿಯನ್ನು ಮಾತ್ರ ಕಲಿಯಲಾಗಲಿಲ್ಲ. ಒಂದು ಪುಟ ಕೇಳುವಷ್ಟರಲ್ಲಿ ತಲೆ ಹಿಡಿದುಕೊಳ್ಳುತ್ತಿತ್ತು. ಕತೆ ಕೇಳಲು ಕೂತರೆ ಕತೆ ಬಿಟ್ಟು ಪದಗಳನ್ನೇ ಬಿಡಿಸುತ್ತ ಕೂರಬೇಕಿತ್ತು.

ಶಾಲೆಯಲ್ಲೂ ತೊಡಕು ಬಂತು. ಕನ್ನಡದ ಪ್ರಶ್ನೆಪತ್ರಿಕೆ ತಯಾರಿಸುವ ಕೆಲಸ ಮೊದಲಿನಿಂದ ನನ್ನದು. ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ ಬಗೆಯ ಅಕ್ಷರಗಳಲ್ಲಿದ್ದವು. ಕಣ್ಣಿಗೆ ಅವು ಕನ್ನಡ, ಓದುವ ಯಂತ್ರಕ್ಕೆ ಬರೀ ಇಂಗ್ಲಿಷ್ ಗುರುತುಗಳು. ಅವನ್ನು ಹೊಸ ಬಗೆಗೆ ಬದಲಿಸುವ ತಂತ್ರಾಂಶವೊಂದು ವಿಂಡೋಸಿನಲ್ಲಿತ್ತು, ಇದರಲ್ಲಿ ಅದು ಓಡಲಿಲ್ಲ. ಗೆಳೆಯ ಇನ್ನೊಂದನ್ನು ಹುಡುಕಿಕೊಟ್ಟ. ಅದು ಬದಲಿಸುವಾಗ ಒತ್ತುಗಳನ್ನು ಅಲ್ಲಲ್ಲಿ ನುಂಗಿಹಾಕುತ್ತಿತ್ತು. ಆ ಸಲದ ಪತ್ರಿಕೆಯಲ್ಲಿ ತಪ್ಪುಗಳು ಉಳಿದುಕೊಂಡವು. ಮಕ್ಕಳು ಪರೀಕ್ಷೆಯ ಕೋಣೆಯಲ್ಲೇ ಎದ್ದು ನಿಂತು ಕೇಳಿದರು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ.

“ಸರ್, ನೀವ್ ಯಾಕ ಇಷ್ಟು ತ್ರಾಸ ತಗೋತೀರಿ? ಹೊಸ ಟೀಚರ್ ಬಂದಾರಲ್ಲ, ಅವರು ಮಾಡ್ತಾರ. ನೀವು ಆರಾಮ ಪಾಠ ಹೇಳ್ರಿ.”

“ಮುಂದಿನ ಸಲ ಹಂಗ ಆಗಂಗಿಲ್ರಿ,” ಎಂದೆ.

“ಛೇ ಛೇ, ಸಿಟ್ಟಿಲ್ರಿ ಸರ್. ನಿಮ್ಮ ಸಲುವಾಗಿನೇ ಹೇಳ್ಲತ್ತೇನಿ.”

ಅವರು ಬೈದಿದ್ದರೆ ಜಗಳವಾಡಬಹುದಿತ್ತು. ಭುಜದ ಮೇಲೆ ಕೈ ಇಟ್ಟು ಹೇಳಿದವರ ಜೊತೆ ಏನು ಜಗಳ? ಆ ಕೆಲಸ ಹೋಯಿತು. ಅದರ ಹಿಂದೆ ಅಂಕ ತುಂಬುವುದೂ, ವಾರ್ಷಿಕ ಸಂಚಿಕೆ ತಿದ್ದುವುದೂ ಅಷ್ಟೇ ಪ್ರೀತಿಯಿಂದ ನನ್ನ ಕೈಬಿಟ್ಟು ಹೋದವು.

ನಾನು ಯಂತ್ರವನ್ನು ಹೊತ್ತುಕೊಂಡು ಬೀದರಿಗೆ ಹೋದೆ. ಹಳೆಯ ವಿಂಡೋಸನ್ನೇ ತಿರುಗಿ ಹಾಕಿಕೊಡು ಎಂದು ಅಂಗಡಿಯವನಿಗೆ ಕೇಳಿದೆ.

“ಅದು ಹಾಕ್ಬಹುದು ಸರ್. ಆದ್ರ ಆ ಆವಾಜ್ ಇಲ್ಲಲ್ಲ. ಅದು ಈಗ ಮಾರಂಗಿಲ್ಲ. ಅದನ್ನ ತಗೊಂಡಾಗ ಕೊಟ್ಟ ನಿಮ್ಮ ಹಳೇ ನಂಬರ್ ಹಾಕಿ ನೋಡ್ದೆ, ತಗೊಳಂಗಿಲ್ಲ ಅಂತದ.”

“ಬ್ಯಾರೆ ಎಲ್ಲೂ ಸಿಗಂಗಿಲ್ಲೇನು?”

“ಆ ಆವಾಜ್ ಸಿಗಂಗಿಲ್ಲ ಸರ್.”

ಹಾಗೇ ತಿರುಗಿ ತಂದೆ.

ಗೆಳೆಯ ಸುಮ್ಮನೆ ಕೂಡಲಿಲ್ಲ. ತಪ್ಪು ತನ್ನದೇ ಎಂಬ ಹಾಗೆ ಒದ್ದಾಡಿದ. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಈ ಧ್ವನಿಯನ್ನು ಮಾಡಿದವರಿಗೇ ಬರೆಯೋಣ ಎಂದ. ಭಾನುವಾರಗಳಂದು ಬಸ್ಸು ಹಿಡಿದು ಬರತೊಡಗಿದ. ನಾನು ತಪ್ಪು ಉಚ್ಚಾರಗಳನ್ನು ಹುಡುಕಿ ಹೇಳುವುದು, ಅವನು ಇಂಗ್ಲಿಷಿನಲ್ಲಿ ಬರೆಯುವುದು. ಕನ್ನಡದಲ್ಲಿ ಳಕಾರ ಎಂದರೇನು ಎಂದು ಯಾವುದೋ ದೇಶದವನಿಗೆ ತಿಳಿಸುವುದು ಹೇಗೆ? ನಾಲಿಗೆ ಮಡಚುವ ಬಗೆಯನ್ನು ನಾನು ಕನ್ನಡದಲ್ಲಿ ಹೇಳಿದೆ, ಅವನು ಅದನ್ನು ಹೇಗೋ ಇಂಗ್ಲಿಷ್ ಮಾಡಿದ. ಆ ಕೆಲವು ವಾರ ನನಗೆ ಸ್ವಲ್ಪ ಜೀವ ಬಂದಿತ್ತು ಎನ್ನಬೇಕು.

ಉತ್ತರ ಬಂತು. ಗೆಳೆಯ ಅದನ್ನು ನಿಧಾನವಾಗಿ ಓದಿ ಹೇಳಿದ. ಬರೆದವರು ಸಂಬಳವಿಲ್ಲದೆ ಬಿಡುವಿನಲ್ಲಿ ಈ ಕೆಲಸ ಮಾಡುವವರು. ನಮಗೆ ಧನ್ಯವಾದ ಹೇಳಿದ್ದರು. ತಮಗೆ ಕನ್ನಡ ಬರುವುದಿಲ್ಲ, ನಿಮ್ಮ ಭಾಷೆಯೂ ಪ್ರೋಗ್ರಾಮಿಂಗೂ ಬಲ್ಲವರು ಯಾರಾದರೂ ಬಂದು ತಿದ್ದಿದರೆ ಸಂತೋಷದಿಂದ ಸೇರಿಸಿಕೊಳ್ಳುತ್ತೇವೆ, ನೀವೇ ಏಕೆ ಮಾಡಬಾರದು ಎಂದು ಕೇಳಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

“ನಮ್ದ ಅದ ಅಂದ್ರ ಇದೇ ಏನು?” ಎಂದೆ. ಕಹಿಯಾಗಿ ಹೇಳಬೇಕೆಂದಿರಲಿಲ್ಲ, ಹಾಗೆ ಬಂತು.

“ನಾ ಕಲೀತೇನಿ ಸರ್, ಪ್ರೋಗ್ರಾಮಿಂಗ್,” ಎಂದ.

ಕಲಿಯಲು ಶುರುವನ್ನೂ ಮಾಡಿದ. ಒಂದು ತಿದ್ದುಪಡಿ ಮಾಡಿ ತಂದು ಕೇಳಿಸಿದ. ಳ ಸ್ವಲ್ಪ ಸರಿಹೋಗಿತ್ತು, ಆದರೆ ಅದರಿಂದ ಬೇರೆಲ್ಲೋ ಣ ಕೆಟ್ಟಿತ್ತು. ಅಷ್ಟರಲ್ಲಿ ಅವನಿಗೆ ಬಳ್ಳಾರಿ ಕಡೆ ವರ್ಗವಾಯಿತು, ಮದುವೆಯೂ ಆಯಿತು. ಫೋನಿನಲ್ಲಿ ಮೊದಮೊದಲು ಆ ಕೆಲಸದ ಮಾತು ಬರುತ್ತಿತ್ತು. ಈಗ ನಾವು ಆರೋಗ್ಯದ ಮಾತಾಡುತ್ತೇವೆ, ಬಿಸಿಲಿನ ಮಾತಾಡುತ್ತೇವೆ. ನಾನಾಗಿ ಕೇಳುವುದಿಲ್ಲ, ಅವನಿಗೆ ನೋವಾಗುತ್ತದೆ.

ಅವ್ವ ಮೊದಲ ಒಂದಷ್ಟು ದಿನ ನನ್ನ ಸಲುವಾಗಿ ಸಂಜೆ ಬಂದು ಕೂರುತ್ತಿದ್ದಳು. “ಇಂವಾ ಏನ್ ಅಂತಾನೋ ತಿಳೀವಲ್ದು ಯಪ್ಪಾ” ಎಂದು ನಡುವೆಯೇ ಎದ್ದು ಹೋಗುತ್ತಿದ್ದಳು. ನಾನೇ ಕೇಳಿ ಕೇಳಿ ತಿರುಗಿಸಿ ಹೇಳಿ ನೋಡಿದೆ. ಅದು ಓದಿದ ಹಾಗಾಗಲಿಲ್ಲ. ಹೆಂಡತಿ ಓದುತ್ತೇನೆಂದು ಪೇಪರ್ ತರಿಸಿದಳು. ಆದರೆ ಅಂಗನವಾಡಿಯ ಕೆಲಸದಿಂದ ದಣಿದು ಬಂದವಳಿಗೆ ಎರಡು ಸಾಲಿಗೇ ಆಕಳಿಕೆ ಬರುತ್ತಿತ್ತು, ಅವ್ವನೇ ಬೇಡವೆಂದಳು. ಬೇಸಿಗೆಯಲ್ಲಿ ಅಣ್ಣ ಬಂದಾಗ ಅವಳು ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಮಳೆ ಬಿದ್ದ ಮೇಲೆ ಬರುತ್ತೇನೆಂದಳು. ಮಳೆ ಬಿತ್ತು, ಸುಗ್ಗಿಯ ರಾಶಿಯೂ ಮುಗಿಯಿತು, ಅವಳು ಬರಲಿಲ್ಲ.

ಯಂತ್ರವನ್ನು ವಾರಕ್ಕೊಮ್ಮೆ ಚಾಲೂ ಮಾಡುತ್ತೇನೆ, ಹಾಳಾಗಬಾರದೆಂದು. ಇದನ್ನು ಅದರಲ್ಲೇ ಬರೆದಿದ್ದೇನೆ, ಬೆರಳಿನ ನಂಬಿಕೆಯ ಮೇಲೆ. ಓದಿಸಿ ನೋಡಿಲ್ಲ.

ಕಳೆದ ತಿಂಗಳು ಮೆಹಕರಕ್ಕೆ ಹೋಗಿದ್ದೆ. ಅಣ್ಣನ ಮನೆಯಲ್ಲಿ ಟಿವಿ ಹಚ್ಚಿತ್ತು, ಅದರಲ್ಲಿ ಮರಾಠಿಯವರು ಯಾರೋ ಏರುದನಿಯಲ್ಲಿ ವಾದ ಮಾಡುತ್ತಿದ್ದರು. ಅವ್ವ ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅವಳ ಕಿವಿಯೂ ಮಂದವಾಗಿದೆ, ನಾನು ಬಗ್ಗಿ ಮಾತಾಡಬೇಕಾಯಿತು.

“ಈಗ ಸಂಜಿಮುಂದ ಏನ್ ಮಾಡ್ತಿ?” ಎಂದು ಕೇಳಿದಳು.

“ಏನಿಲ್ಲವ್ವ. ಸುಮ್ನ ಕೂಡ್ತೇನಿ.”

“ನಾನೂ ಹಂಗೇ,” ಎಂದಳು.